ಯಾವ ಲೈನಿಗೆ ಎಷ್ಟು ವೋಲ್ಟೇಜ್: ಲಿನಕ್ಸ್ ಕರ್ನಲ್ಲಿಗೆ ಹೇಳಿಕೊಡುವ ಬಗೆ

ಬೋರ್ಡ್ ಆನ್ ಮಾಡಿದರೆ ಬೂಟ್ ಆಗುತ್ತದೆ, ಲಾಗಿನ್ ಬರುತ್ತದೆ, ಮೋಡೆಮ್ ನೆಟ್‌ವರ್ಕ್ ಹಿಡಿಯುತ್ತದೆ. ಅರ್ಧ ನಿಮಿಷ ಎಲ್ಲ ಸರಿ. ಆಮೇಲೆ ಮೋಡೆಮ್ ಮಾಯ. ಮತ್ತೆ ಆನ್ ಮಾಡಿದರೆ ಮತ್ತೆ ಅದೇ. ಮೂರು ದಿನ ನಾನು ಆಂಟೆನಾ ಬದಲಿಸಿದೆ, ಸಿಮ್ ಬದಲಿಸಿದೆ, ಕೊನೆಗೆ ಮೋಡೆಮ್ಮನ್ನೇ ಬದಲಿಸಿದೆ. ತಪ್ಪು ಅಲ್ಲೆಲ್ಲೂ ಇರಲಿಲ್ಲ. ಯಾರೂ ಬೇಕು ಅಂತ ಕೇಳದ ಸಪ್ಲೈ ಲೈನನ್ನು ಕರ್ನಲ್, ಅಂದರೆ ಲಿನಕ್ಸಿನ ತಿರುಳಾದ ಪ್ರೋಗ್ರಾಮ್, ಆಫ್ ಮಾಡುತ್ತಿತ್ತು, ಅಷ್ಟೇ. ಬೇಕು ಅಂತ ಹೇಳಬೇಕಾದವನು ನಾನು. ನಾನು ಹೇಳಿರಲಿಲ್ಲ.

ಇದು ನಡೆದದ್ದು ಮಲ್ಪೆಯಲ್ಲಿ, ಮಳೆಗಾಲದ ರಜೆಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಎಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಬೋಟಿನಲ್ಲಿ ಏನಾದರೂ ಹೊಸದು ಕೂರಿಸಬೇಕಾದರೆ ಅದೇ ಸಮಯ. ಬೋಟ್ ನಡೆಸುವ ಪರಿಚಯದ ತಾಂಡೇಲರೊಬ್ಬರು, "ಮೀನು ಹಾಕುವ ಕೋಣೆಯಲ್ಲಿ ಐಸ್ ಎಷ್ಟು ನಿಂತಿದೆ ಅಂತ ಗೊತ್ತಾಗಬೇಕು ಮಾರಾಯ್ರೆ, ಒಂದು ಪೆಟ್ಟಿಗೆ ಮಾಡಿಕೊಡಿ" ಅಂದರು. ಪೆಟ್ಟಿಗೆಯೊಳಗೆ ಒಂದು ಚಿಕ್ಕ ಲಿನಕ್ಸ್ ಬೋರ್ಡ್, ಉಷ್ಣತೆ ನೋಡುವ ಸೆನ್ಸರ್, ಜಿಪಿಎಸ್, 4ಜಿ ಮೋಡೆಮ್, ಎಸ್‌ಡಿ ಕಾರ್ಡ್, ಮತ್ತೆ ತನ್ನದೇ ಆದ 12 ವೋಲ್ಟಿನ 7 ಆಂಪಿಯರ್ ಅವರ್ ಬ್ಯಾಟರಿ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಆಗುತ್ತದೆ. ಎಂಜಿನ್ ನಿಂತರೂ ಪೆಟ್ಟಿಗೆ ಐದು ದಿನ ಬದುಕಬೇಕು.

ಲೆಕ್ಕ ಹಾಕಿ ನೋಡಿ. 12 ಗುಣಿಸು 7 ಅಂದರೆ 84 ವಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದು ಬೇಗ ಹಾಳಾಗುತ್ತದೆ, ಹಾಗಾಗಿ ಕೈಗೆ ಸಿಗುವುದು 42. ಎಲ್ಲವನ್ನೂ ಸುಮ್ನೆ ಆನ್ ಇಟ್ಟರೆ ನನ್ನ ಪೆಟ್ಟಿಗೆ 2.5 ವಾಟ್ ಎಳೆಯುತ್ತಿತ್ತು, ಹದಿನೇಳು ಗಂಟೆಯೂ ಬಾರದು. ಐದು ದಿನ ಬರಬೇಕಾದರೆ ಸರಾಸರಿ 0.35 ವಾಟಿಗೆ ಇಳಿಸಬೇಕು. ದೊಡ್ಡ ಬ್ಯಾಟರಿ ಹಾಕಿ ಇದನ್ನು ಬಗೆಹರಿಸಲು ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ. ಕರ್ನಲ್ಲಿನಲ್ಲೇ ಬಗೆಹರಿಸಬೇಕಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫಂಕ್ಷನ್ ಹೆಸರುಗಳನ್ನು ನಾನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆಯುತ್ತೇನೆ. ಕೋಡಿನಲ್ಲಿ ಆ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿಕೊಳ್ಳಿ, ಡಿವೈಸ್ ಟ್ರೀಯಲ್ಲಿ, ಅಂದರೆ ಬೋರ್ಡಿನ ಮೇಲೆ ಏನೇನಿದೆ ಅಂತ ಕರ್ನಲ್ಲಿಗೆ ಹೇಳುವ ಫೈಲಿನಲ್ಲಿ, ಹೈಫನ್ ಹಾಕಿಕೊಳ್ಳಿ.

ಯಾರು ಕೊಡುವವರು, ಯಾರು ಕೇಳುವವರು

ಅಡಿಕೆ ತೋಟದ ಪೈಪ್ ಲೈನ್ ನೋಡಿದ್ದೀರಲ್ವಾ? ಪಂಪಿನಿಂದ ಒಂದು ದಪ್ಪ ಪೈಪ್ ಬರುತ್ತದೆ, ಅದರಿಂದ ಕವಲುಗಳು, ಪ್ರತಿ ಕವಲಿಗೆ ಒಂದು ಗೇಟ್ ವಾಲ್ವ್. ಸ್ಪ್ರಿಂಕ್ಲರಿಗೆ ಒತ್ತಡ ಜಾಸ್ತಿ ಬೇಕು, ಡ್ರಿಪ್ಪಿಗೆ ಕಡಿಮೆ ಸಾಕು. ಡ್ರಿಪ್ ಲೈನಿಗೆ ಸ್ಪ್ರಿಂಕ್ಲರಿನ ಒತ್ತಡ ಬಿಟ್ಟರೆ ಪೈಪ್ ಕಿತ್ತುಬರುತ್ತದೆ. ಬೋರ್ಡಿನ ಮೇಲೂ ಹೀಗೇ. ಬ್ಯಾಟರಿಯಿಂದ ಬಂದ ವೋಲ್ಟೇಜನ್ನು ಒಂದು ಪವರ್ ಚಿಪ್, ಪಿಮಿಕ್ ಅಂತ ಕರೆಯುತ್ತಾರೆ, ಹಲವು ಲೈನುಗಳಾಗಿ ಒಡೆಯುತ್ತದೆ: ಸಿಪಿಯುಗೆ 1 ವೋಲ್ಟಿನ ಆಸುಪಾಸು, ಸೆನ್ಸರಿಗೆ 1.8, ಕಾರ್ಡಿಗೆ 3.3, ಮೋಡೆಮ್ಮಿಗೆ 3.8. ಈ ಪ್ರತಿ ಕವಲಿನ ವಾಲ್ವಿಗೆ ಕರ್ನಲ್ಲಿನಲ್ಲಿ ರೆಗ್ಯುಲೇಟರ್ ಅಂತ ಹೆಸರು. ಆ ಲೈನಿನಿಂದ ಕರೆಂಟ್ ತೆಗೆದುಕೊಳ್ಳುವ ಸಾಧನ ಕನ್ಸ್ಯೂಮರ್.

ಲಿನಕ್ಸಿನ ರೆಗ್ಯುಲೇಟರ್ ವ್ಯವಸ್ಥೆ ಬಂದದ್ದು 2008ರಲ್ಲಿ, 2.6.27ನೇ ಆವೃತ್ತಿಯಲ್ಲಿ. ಬರೆದವರು ಲಿಯಮ್ ಗರ್ಡ್‌ವುಡ್ ಮತ್ತು ಮಾರ್ಕ್ ಬ್ರೌನ್. ಅವರು ಮಾಡಿದ ಒಂದು ತೀರ್ಮಾನ ನನಗೆ ತುಂಬಾ ಹಿಡಿಸುತ್ತದೆ. ಕೇಳುವ ಡ್ರೈವರಿಗೆ (ಒಂದು ಸಾಧನವನ್ನು ನಡೆಸುವ ಕರ್ನಲ್ಲಿನ ಕೋಡ್) ಪವರ್ ಚಿಪ್ ಯಾವುದು ಅಂತ ಗೊತ್ತಿರಬೇಕಾಗಿಲ್ಲ. ಕೊಡುವ ಡ್ರೈವರಿಗೆ ಆಚೆ ತುದಿಯಲ್ಲಿ ಯಾರಿದ್ದಾರೆ ಅಂತ ಗೊತ್ತಿರಬೇಕಾಗಿಲ್ಲ. ಎಷ್ಟು ಕೊಟ್ಟರೆ ಸುಡುವುದಿಲ್ಲ ಎಂಬ ಮಿತಿಯನ್ನು ಮೂರನೆಯವರು ಬರೆಯಬೇಕು, ಅಂದರೆ ಆ ಬೋರ್ಡನ್ನು ಬಲ್ಲವರು. ಅದು ನೀವು. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮಿತಿ ಬೋರ್ಡಿನದ್ದು, ಚಿಪ್ಪಿನದ್ದಲ್ಲ.

ಮೊದಲು ಸರ್ಕ್ಯೂಟ್ ಚಿತ್ರ, ಆಮೇಲೆ ಕೀಬೋರ್ಡ್

ಬೋರ್ಡಿನ ಸ್ಕೆಮ್ಯಾಟಿಕ್ ಪ್ರಿಂಟ್ ತೆಗೆಯಿರಿ. ಸ್ಕ್ರೀನಿನಲ್ಲಿ ನೋಡಿದರೆ ಸಾಲದು, ನನಗಂತೂ ಸಾಲುವುದಿಲ್ಲ. ಬಣ್ಣದ ಪೆನ್ಸಿಲ್ ಹಿಡಿದು ಪವರ್ ಚಿಪ್ಪಿನ ಪ್ರತಿ ಔಟ್‌ಪುಟ್ ಎಲ್ಲಿಗೆ ಹೋಗುತ್ತದೆ ಅಂತ ಗೆರೆ ಎಳೆಯಿರಿ. ಆಮೇಲೆ ಒಂದು ಹಾಳೆಯಲ್ಲಿ ಲೈನಿನ ಹೆಸರು, ಅದರ ಮೇಲೆ ಕೂತಿರುವ ಎಲ್ಲ ಸಾಧನಗಳು, ಪ್ರತಿಯೊಂದೂ ತಾಳುವ ಅತಿ ಕಡಿಮೆ ಮತ್ತು ಅತಿ ಹೆಚ್ಚು ವೋಲ್ಟೇಜ್ ಬರೆದುಕೊಳ್ಳಿ. ಆ ಲೈನ್ ಆಫ್ ಆದರೆ ಬೋರ್ಡೇ ಸಾಯುತ್ತದೆಯೋ ಇಲ್ಲವೋ ಅಂತಲೂ ಬರೆಯಿರಿ. ಒಂದೇ ಲೈನಿನ ಮೇಲೆ ಇಬ್ಬರು ಮೂವರು ಇರುವುದು ಸಾಮಾನ್ಯ, ಅಪಾಯ ಇರುವುದೂ ಅಲ್ಲೇ.

ಈ ಹಾಳೆಯನ್ನು ಬಿಟ್ಟು ನಾನು ಒಂದು ಸಲ ಮುಂದೆ ಹೋದೆ. ಬೇರೆ ಬೋರ್ಡಿನ ಡಿವೈಸ್ ಟ್ರೀ ಫೈಲ್ ಸಿಕ್ಕಿತು, ಪವರ್ ಚಿಪ್ ಅದೇ, ಹಾಗೇ ಕಾಪಿ ಮಾಡಿದೆ. ಅದರಲ್ಲಿ ಒಂದು ಲೈನಿಗೆ ಕನಿಷ್ಠ 0.8, ಗರಿಷ್ಠ 3.3 ವೋಲ್ಟ್ ಅಂತ ಇತ್ತು, ಅಂದರೆ ಚಿಪ್ಪಿನ ಡೇಟಾಶೀಟಿನಲ್ಲಿ (ಚಿಪ್ ಮಾಡಿದವರು ಕೊಡುವ ವಿವರಪತ್ರ) ಇದ್ದ ಪೂರ್ತಿ ವ್ಯಾಪ್ತಿ. ನನ್ನ ಬೋರ್ಡಿನಲ್ಲಿ ಅದೇ ಲೈನಿನ ಮೇಲೆ 1.8 ವೋಲ್ಟಿನ ಸೆನ್ಸರೂ ಇತ್ತು, ಇನ್ನೊಂದು ಸಾಧನವೂ ಇತ್ತು. ಆ ಇನ್ನೊಂದರ ಡ್ರೈವರ್ 3.3 ಕೇಳಿತು. ಕರ್ನಲ್ ಫೈಲ್ ನೋಡಿತು, 3.3ರ ತನಕ ಅನುಮತಿ ಉಂಟು, ಕೊಟ್ಟಿತು. ಸೆನ್ಸರ್ ಸುಟ್ಟುಹೋಯಿತು.

ಸೆನ್ಸರಿನ ಡ್ರೈವರ್ ಯಾಕೆ ತಡೆಯಲಿಲ್ಲ ಅಂತ ನಿಮಗೆ ಅನಿಸಬಹುದು. ಅದು ಆನ್ ಮಾಡು, ಆಫ್ ಮಾಡು ಅಂತ ಮಾತ್ರ ಕೇಳುವ ಕನ್ಸ್ಯೂಮರ್. ವೋಲ್ಟೇಜ್ ಎಷ್ಟು ಅಂತ ಅದು ಬಾಯಿಬಿಟ್ಟು ಹೇಳುವುದೇ ಇಲ್ಲ. ಇಬ್ಬರು ಕನ್ಸ್ಯೂಮರುಗಳೂ ತಮಗೆ ಬೇಕಾದ ವ್ಯಾಪ್ತಿ ಹೇಳಿದ್ದರೆ ಕರ್ನಲ್ ಎರಡೂ ಒಪ್ಪುವ ಜಾಗ ಹುಡುಕುತ್ತದೆ, ಸಿಗದಿದ್ದರೆ ತಪ್ಪು ಅಂತ ವಾಪಸ್ ಕಳಿಸುತ್ತದೆ. ಒಬ್ಬರು ಹೇಳದೇ ಇದ್ದರೆ ಅವರನ್ನು ಕಾಯುವುದು ನೀವು ಬರೆದ ಮಿತಿ ಒಂದೇ. ಬೇರೆ ಯಾವ ಕಾವಲೂ ಇಲ್ಲ.

ಡಿವೈಸ್ ಟ್ರೀ ಬರೆಯುವಾಗ

ಎಲ್ಲ ಅಂಕಿಗಳೂ ಮೈಕ್ರೋವೋಲ್ಟಿನಲ್ಲಿ. 1.8 ವೋಲ್ಟ್ ಅಂದರೆ 1800000, 3.3 ಅಂದರೆ 3300000. ಸೊನ್ನೆ ಎಣಿಸಿ, ಇನ್ನೊಬ್ಬರ ಹತ್ತಿರ ಇನ್ನೊಂದು ಸಲ ಎಣಿಸಿಸಿ.

ರೆಗ್ಯುಲೇಟರ್ ಮಿನ್ ಮೈಕ್ರೋವೋಲ್ಟ್, ರೆಗ್ಯುಲೇಟರ್ ಮ್ಯಾಕ್ಸ್ ಮೈಕ್ರೋವೋಲ್ಟ್ ಅಂತ ಎರಡು ಗುಣಗಳಿವೆ. ಎರಡಕ್ಕೂ ಒಂದೇ ಅಂಕಿ ಕೊಟ್ಟರೆ ಕರ್ನಲ್ ಬೂಟ್ ಆಗುವಾಗ ಲೈನನ್ನು ಆ ವೋಲ್ಟೇಜಿಗೆ ಕೂರಿಸುತ್ತದೆ, ಆಮೇಲೆ ಯಾವ ಡ್ರೈವರ್ ಕೇಳಿದರೂ ಬದಲಿಸುವುದಿಲ್ಲ. ಬೇರೆ ಬೇರೆ ಕೊಟ್ಟರೆ ಅವೆರಡರ ನಡುವೆ ಬದಲಿಸಲು ಒಪ್ಪಿಗೆ ಕೊಟ್ಟ ಹಾಗೆ. ಏನೂ ಕೊಡದಿದ್ದರೆ, ಕರ್ನಲ್ಲಿಗಿಂತ ಮೊದಲು ಓಡುವ ಬೂಟ್‌ಲೋಡರ್ ಬಿಟ್ಟುಹೋದ ವೋಲ್ಟೇಜೇ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಬದಲಾಗುವ ಅಗತ್ಯ ನಿಜವಾಗಿ ಇರುವ ಲೈನುಗಳು ಬೋರ್ಡಿನಲ್ಲಿ ಎರಡೋ ಮೂರೋ. ಸಿಪಿಯು ಲೈನ್ ಒಂದು. ಎಸ್‌ಡಿ ಕಾರ್ಡಿನ ಸಿಗ್ನಲ್ ಲೈನ್ ಇನ್ನೊಂದು, ಯಾಕೆಂದರೆ ಕಾರ್ಡ್ 3.3ರಲ್ಲಿ ಶುರುವಾಗಿ ವೇಗದ ಯುಎಚ್‌ಎಸ್ ಮೋಡಿಗೆ ಹೋಗುವಾಗ 1.8ಕ್ಕೆ ಇಳಿಯುತ್ತದೆ. ಅದೇ ಕಾರಣಕ್ಕೆ ಕಾರ್ಡಿಗೆ ಎರಡು ಸಪ್ಲೈ ಹೆಸರು, ವಿಎಂಎಂಸಿ ಮತ್ತು ವಿಕ್ಯೂಎಂಎಂಸಿ. ಮೊದಲನೆಯದು ಕಾರ್ಡಿನ ಹೊಟ್ಟೆಗೆ, ಎರಡನೆಯದು ಸಿಗ್ನಲ್ ತಂತಿಗಳಿಗೆ. ಇವೆರಡನ್ನು ಅದಲುಬದಲು ಮಾಡಿದರೆ ಕಾರ್ಡ್ ನಿಧಾನವಾಗಿ ಓಡುತ್ತದೆ ಅಥವಾ ಓಡುವುದೇ ಇಲ್ಲ. ಉಳಿದ ಲೈನುಗಳಿಗೆಲ್ಲ ಮಿನ್ನೂ ಮ್ಯಾಕ್ಸೂ ಒಂದೇ ಇಡಿ.

ಈಗ ಆ ಅರ್ಧ ನಿಮಿಷದ ಕಥೆಗೆ ಬರೋಣ. ಬೂಟ್ ಮುಗಿದು ಸುಮಾರು 30 ಸೆಕೆಂಡ್ ಆದ ಮೇಲೆ ಕರ್ನಲ್ ಎಲ್ಲ ರೆಗ್ಯುಲೇಟರುಗಳನ್ನು ಒಂದು ಸಲ ಸುತ್ತಿ ನೋಡುತ್ತದೆ. ಆನ್ ಇದೆ, ಆದರೆ ಬಳಸುವವರು ಯಾರೂ ಇಲ್ಲ ಅಂತ ಕಂಡರೆ ಆಫ್ ಮಾಡುತ್ತದೆ. ಕರ್ನಲ್ ತಾನು ಮಾಡಿದ್ದನ್ನು ಬರೆದಿಡುವ ಲಾಗಿನಲ್ಲಿ ಆ ಲೈನಿನ ಹೆಸರಿನ ಮುಂದೆ ಡಿಸೇಬ್ಲಿಂಗ್ ಅಂತ ಒಂದೇ ಪದ ಬರುತ್ತದೆ. ನಾನು ಮೂರು ದಿನ ಆ ಪದವನ್ನು ದಾಟಿ ಹೋಗುತ್ತಿದ್ದೆ. ಮೋಡೆಮ್ ಯುಎಸ್‌ಬಿ ಮೇಲೆ ಇತ್ತು, ಬೂಟ್‌ಲೋಡರ್ ಅದರ ಲೈನ್ ಆನ್ ಮಾಡಿಟ್ಟಿತ್ತು, ಯುಎಸ್‌ಬಿ ಡ್ರೈವರಿಗೆ ಆ ಲೈನಿನ ಸುದ್ದಿಯೇ ಗೊತ್ತಿರಲಿಲ್ಲ. ಕರ್ನಲ್ಲಿಗೆ ಅದು ಬಿಟ್ಟಿ ಉರಿಯುವ ದೀಪದ ಹಾಗೆ ಕಂಡಿತು.

ಇಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದುಂಟು: ರೆಗ್ಯುಲೇಟರ್ ಆಲ್ವೇಸ್ ಆನ್ ಅಂತ ಎಲ್ಲ ಲೈನಿಗೂ ಅಂಟಿಸಿಬಿಡುವುದು. ಬೋರ್ಡ್ ಓಡುತ್ತದೆ ನಿಜ. ಆದರೆ ಆ ಲೈನುಗಳನ್ನು ಇನ್ನು ಯಾವ ಡ್ರೈವರೂ ಆಫ್ ಮಾಡಲಾಗುವುದಿಲ್ಲ, ನಿಮ್ಮ ಬ್ಯಾಟರಿಯ ಐದು ದಿನ ಅಲ್ಲಿಗೆ ಮುಗಿಯಿತು. ಆಲ್ವೇಸ್ ಆನ್ ಅನ್ನು ಸಿಪಿಯು, ಮೆಮೊರಿ ಥರದ ಲೈನುಗಳಿಗೆ ಮಾತ್ರ ಇಡಿ, ಅಂದರೆ ಹಾಳೆಯಲ್ಲಿ ಬೋರ್ಡೇ ಸಾಯುತ್ತದೆ ಅಂತ ಬರೆದವಕ್ಕೆ. ಬೂಟ್ ಆನ್ ಅಂತ ಇನ್ನೊಂದು ಗುಣ ಇದೆ, ಅದರ ಹೆಸರು ಕೇಳಿ ಮೋಸ ಹೋಗಬೇಡಿ. ಬೂಟ್ ಹೊತ್ತಿಗೆ ಅದು ಆನ್ ಇರುತ್ತದೆ ಅಂತ ಮಾತ್ರ ಅದರ ಅರ್ಥ, ಬಳಸುವವರಿಲ್ಲದಿದ್ದರೆ ಅದೂ ಅದೇ 30 ಸೆಕೆಂಡಿಗೆ ಆಫ್ ಆಗುತ್ತದೆ. ಕಾರಣ ಇದೇ ಹೌದೋ ಅಂತ ಖಚಿತ ಮಾಡಿಕೊಳ್ಳಬೇಕಾದರೆ ಕರ್ನಲ್ ಕಮಾಂಡ್ ಲೈನಿನಲ್ಲಿ (ಬೂಟ್ ಆಗುವಾಗ ಕರ್ನಲ್ಲಿಗೆ ಕೊಡುವ ಸೂಚನೆಗಳ ಸಾಲು) ರೆಗ್ಯುಲೇಟರ್ ಇಗ್ನೋರ್ ಅನ್‌ಯೂಸ್ಡ್ ಅಂತ ಸೇರಿಸಿ ಬೂಟ್ ಮಾಡಿ. ಹೊಸ ಕರ್ನಲ್ಲುಗಳಲ್ಲಿ ಇದು ಇದೆ. ಸಮಸ್ಯೆ ಮಾಯವಾದರೆ ಕಾರಣ ಸಿಕ್ಕಿತು. ಆಮೇಲೆ ಅದನ್ನು ತೆಗೆದು, ಲೈನಿಗೆ ಸರಿಯಾದ ಕನ್ಸ್ಯೂಮರ್ ಬರೆಯಿರಿ.

ಮೋಡೆಮ್ಮಿಗೆ ನಾನು ಬರೆದದ್ದು ಯೂಸರ್‌ಸ್ಪೇಸ್ ಕನ್ಸ್ಯೂಮರ್. ಕರ್ನಲ್ಲಿನಲ್ಲೇ ಇರುವ ಒಂದು ಪುಟ್ಟ ಡ್ರೈವರ್ ಅದು. ಡಿವೈಸ್ ಟ್ರೀಯಲ್ಲಿ ರೆಗ್ಯುಲೇಟರ್ ಔಟ್‌ಪುಟ್ ಅಂತ ಕಂಪ್ಯಾಟಿಬಲ್ (ಯಾವ ಡ್ರೈವರ್ ಬೇಕು ಅಂತ ಹೇಳುವ ಗುಣ) ಕೊಟ್ಟು, ವಿಔಟ್ ಸಪ್ಲೈ ಅಂತ ನಿಮ್ಮ ಲೈನನ್ನು ತೋರಿಸಿದರೆ, ಕರ್ನಲ್ ತನ್ನ ಸ್ಥಿತಿಯನ್ನು ಫೈಲುಗಳಾಗಿ ತೋರಿಸುವ ಸಿಸ್ ಫೋಲ್ಡರಿನಲ್ಲಿ ಸ್ಟೇಟ್ ಎಂಬ ಫೈಲ್ ಬರುತ್ತದೆ. ಅದಕ್ಕೆ ಎನೇಬಲ್ಡ್ ಅಥವಾ ಡಿಸೇಬಲ್ಡ್ ಅಂತ ಬರೆದು ನಿಮ್ಮ ಪ್ರೋಗ್ರಾಮೇ ಮೋಡೆಮ್ಮನ್ನು ಎಬ್ಬಿಸಬಹುದು, ಮಲಗಿಸಬಹುದು. ಸಿಸ್ ಕ್ಲಾಸ್ ರೆಗ್ಯುಲೇಟರ್ ಅಡಿಯಲ್ಲೂ ಸ್ಟೇಟ್ ಅಂತ ಇನ್ನೊಂದು ಫೈಲ್ ಇದೆ, ಅದು ಬರೀ ಓದಲಿಕ್ಕೆ. ಅದಕ್ಕೆ ಬರೆಯಲು ಹೋಗಿ ಪರ್ಮಿಶನ್ ಇಲ್ಲ ಅಂತ ತಲೆಕೆಡಿಸಿಕೊಳ್ಳುವವರು ತುಂಬಾ ಜನ. ಇನ್ನೊಂದು ಎಚ್ಚರಿಕೆ: ಮೋಡೆಮ್ಮಿಗೆ ಮೊದಲು ಅದರದೇ ಪವರ್ ಆಫ್ ಕಮಾಂಡ್ ಕಳಿಸಿ, ಅದು ಮಲಗಿತು ಅಂತ ಗೊತ್ತಾದ ಮೇಲೆ ಲೈನ್ ಕತ್ತರಿಸಿ. ಒಳಗಿನ ಫ್ಲ್ಯಾಶಿಗೆ ಏನಾದರೂ ಬರೆಯುತ್ತಿರುವಾಗ ಕರೆಂಟ್ ತೆಗೆದರೆ ಅದು ಕೆಡುತ್ತದೆ.

ಡ್ರೈವರ್ ಒಳಗೆ

ಪ್ರೋಬ್‌ನಲ್ಲಿ (ಸಾಧನ ಸಿಕ್ಕಾಗ ಕರ್ನಲ್ ಕರೆಯುವ ಡ್ರೈವರಿನ ಫಂಕ್ಷನ್) ಡೆವಂ ರೆಗ್ಯುಲೇಟರ್ ಗೆಟ್ ಕರೆದು ಲೈನ್ ಹಿಡಿದುಕೊಳ್ಳಿ, ರೆಗ್ಯುಲೇಟರ್ ಎನೇಬಲ್‌ನಿಂದ ಆನ್, ರೆಗ್ಯುಲೇಟರ್ ಡಿಸೇಬಲ್‌ನಿಂದ ಆಫ್. ನೋಡಲು ಇಷ್ಟೇ.

ಒಳಗೆ ನಡೆಯುವುದು ಎಣಿಕೆ. ಯಕ್ಷಗಾನದ ಚೌಕಿ ನೆನೆಸಿಕೊಳ್ಳಿ. ಮೊದಲು ಬಂದ ವೇಷಧಾರಿ ದೀಪ ಹಾಕುತ್ತಾರೆ, ಆಮೇಲೆ ಬಂದವರು ಸುಮ್ನೆ ಒಳಗೆ ಬಂದು ಕೂರುತ್ತಾರೆ. ನಡುವೆ ಒಬ್ಬರು ರಂಗಸ್ಥಳಕ್ಕೆ ಹೋದರೆ ದೀಪ ಆರಿಸುವುದಿಲ್ಲ, ಕೊನೆಯವರು ಹೊರಟಾಗ ಆರಿಸುತ್ತಾರೆ. ಹಾಗೆಯೇ ನೀವು ಡಿಸೇಬಲ್ ಕರೆದ ಕೂಡಲೇ ಲೈನ್ ಆಫ್ ಆಗಬೇಕು ಅಂತಿಲ್ಲ, ಅದೇ ಲೈನಿನಲ್ಲಿ ಬೇರೆಯವರು ಇದ್ದರೆ ಅದು ಆನ್ ಆಗಿಯೇ ಇರುತ್ತದೆ. ಹಾಗಾಗಿ ಡಿಸೇಬಲ್ ಮಾಡಿದೆ, ಚಿಪ್ ರೀಸೆಟ್ ಆಗಿರುತ್ತದೆ ಅಂತ ನಂಬಿ ಕೋಡ್ ಬರೆಯಬೇಡಿ. ರೀಸೆಟ್ ಬೇಕಿದ್ದರೆ ರೀಸೆಟ್ ಪಿನ್ ಬಳಸಿ. ಇನ್ನು, ಎನೇಬಲ್ ಎಷ್ಟು ಸಲವೋ ಡಿಸೇಬಲ್ ಅಷ್ಟೇ ಸಲ. ಒಂದು ಡಿಸೇಬಲ್ ಜಾಸ್ತಿ ಆದರೆ ಅನ್‌ಬ್ಯಾಲೆನ್ಸ್ಡ್ ಡಿಸೇಬಲ್ಸ್ ಅಂತ ದೊಡ್ಡ ಎಚ್ಚರಿಕೆ ಲಾಗಿಗೆ ಬೀಳುತ್ತದೆ. ಕಡಿಮೆ ಆದರೆ ಯಾರೂ ಏನೂ ಹೇಳುವುದಿಲ್ಲ, ಬ್ಯಾಟರಿ ಮಾತ್ರ ಇಳಿಯುತ್ತದೆ. ತಪ್ಪು ಬಂದಾಗ ಹೊರಗೆ ಹೋಗುವ ದಾರಿಗಳಲ್ಲಿ, ಅಂದರೆ ಎನೇಬಲ್ ಆದ ಮೇಲೆ ಚಿಪ್ಪಿನ ಐಡಿ ಓದಲು ಆಗದೆ ರಿಟರ್ನ್ ಆಗುವ ಜಾಗದಲ್ಲಿ, ಈ ಎರಡನೆಯ ತಪ್ಪು ಅಡಗಿಕೊಂಡಿರುತ್ತದೆ.

ಗೆಟ್ ಕರೆದಾಗ ಪವರ್ ಚಿಪ್ಪಿನ ಡ್ರೈವರ್ ಇನ್ನೂ ಬಂದಿರದಿದ್ದರೆ ಪ್ರೋಬ್ ಡೆಫರ್ ಅಂತ ಉತ್ತರ ಬರುತ್ತದೆ. ಅದು ತಪ್ಪಲ್ಲ, ಸ್ವಲ್ಪ ತಡೆದು ಬಾ ಅಂತ. ಹಾಗೇ ಮೇಲಕ್ಕೆ ವಾಪಸ್ ಕೊಟ್ಟರೆ ಕರ್ನಲ್ ತಾನೇ ಮತ್ತೆ ಕರೆಯುತ್ತದೆ. ಇದಕ್ಕಿಂತ ಕೆಟ್ಟದ್ದು ಹೆಸರು ತಪ್ಪಿದಾಗ ಆಗುವುದು. ಡ್ರೈವರ್ ವಿಡಿಡಿ ಅಂತ ಕೇಳುತ್ತದೆ, ನೀವು ಡಿವೈಸ್ ಟ್ರೀಯಲ್ಲಿ ವಿಸಿಸಿ ಸಪ್ಲೈ ಅಂತ ಬರೆದಿದ್ದೀರಿ ಅಂತಿಟ್ಟುಕೊಳ್ಳಿ. ಕರ್ನಲ್ ನಿಲ್ಲುವುದಿಲ್ಲ. ಸಪ್ಲೈ ಸಿಗಲಿಲ್ಲ, ಡಮ್ಮಿ ರೆಗ್ಯುಲೇಟರ್ ಬಳಸುತ್ತಿದ್ದೇನೆ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ಎನೇಬಲ್ ಯಶಸ್ವಿ ಅಂತ ಬರುತ್ತದೆ, ನಿಜವಾದ ಲೈನಿಗೆ ಏನೂ ಆಗಿರುವುದಿಲ್ಲ. ನಿಮ್ಮ ಬೋರ್ಡಿನ ಲಾಗಿನಲ್ಲಿ ಡಮ್ಮಿ ಎಂಬ ಪದ ಹುಡುಕಿ, ಈಗಲೇ. ಬಂದ ಪ್ರತಿ ಸಾಲಿಗೂ ಕಾರಣ ನಿಮಗೆ ಗೊತ್ತಿರಬೇಕು.

ಗೆಟ್ ಆಪ್ಷನಲ್ ಅಂತ ಇನ್ನೊಂದು ಫಂಕ್ಷನ್ ಇದೆ. ಸಾಧನಕ್ಕೆ ಹೊರಗಿನಿಂದ ಸಪ್ಲೈ ಇಲ್ಲದೆಯೂ ಓಡಲು ಸಾಧ್ಯ, ಉದಾಹರಣೆಗೆ ಒಳಗಿನ ರೆಫರೆನ್ಸ್ ವೋಲ್ಟೇಜ್ ಬಳಸುವ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್), ಅಂಥ ಕಡೆ ಮಾತ್ರ ಅದು. ಲಾಗಿನ ಡಮ್ಮಿ ಸಾಲು ಹೋಗಲಿ ಅಂತ ಅದನ್ನು ಬಳಸುವುದು ಸರಿಯಲ್ಲ.

ಆನ್ ಮಾಡಿದ ಮೇಲೆ ವೋಲ್ಟೇಜ್ ಏರಲು ಸಮಯ ಬೇಕು. ಆ ಸಮಯ ಲೈನಿನದ್ದಾದರೆ ಡಿವೈಸ್ ಟ್ರೀಯಲ್ಲಿ ಬರೆಯಿರಿ: ಜಿಪಿಐಒ ಪಿನ್ನಿನಿಂದ (ಕರ್ನಲ್ ಆನ್ ಆಫ್ ಮಾಡಬಹುದಾದ ಸಾಮಾನ್ಯ ಪಿನ್) ಆನ್ ಆಗುವ ಫಿಕ್ಸೆಡ್ ರೆಗ್ಯುಲೇಟರಿಗೆ ಸ್ಟಾರ್ಟಪ್ ಡಿಲೇ ಯುಎಸ್, ಉಳಿದವಕ್ಕೆ ರೆಗ್ಯುಲೇಟರ್ ಎನೇಬಲ್ ರ‍್ಯಾಂಪ್ ಡಿಲೇ. ಚಿಪ್ ಎದ್ದು ಮಾತಾಡಲು ಬೇಕಾದ ಸಮಯವಾದರೆ ಡ್ರೈವರಿನಲ್ಲಿ ಇಡಿ. ಎರಡನ್ನೂ ಒಟ್ಟು ಸೇರಿಸಿ ಡ್ರೈವರಿನಲ್ಲಿ 100 ಮಿಲಿಸೆಕೆಂಡ್ ಸ್ಲೀಪ್ ಹಾಕಿದರೆ ಈ ಬೋರ್ಡ್ ಓಡುತ್ತದೆ, ಮುಂದಿನ ಬೋರ್ಡಿನಲ್ಲಿ ಯಾಕೆ ಓಡುವುದಿಲ್ಲ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಲವು ಲೈನುಗಳಿದ್ದರೆ ಡೇಟಾಶೀಟ್ ಹೇಳಿದ ಕ್ರಮದಲ್ಲಿ ಆನ್ ಮಾಡಿ, ಅದು ಬೇರೆ ಏನೂ ಹೇಳದಿದ್ದರೆ ತಿರುವು ಕ್ರಮದಲ್ಲಿ ಆಫ್ ಮಾಡಿ.

ಕೆಲಸ ಇಲ್ಲದಾಗ ಮಲಗಿಸುವುದು

ಬ್ಯಾಟರಿ ನಿಜವಾಗಿ ಉಳಿಯುವುದು ಇಲ್ಲಿ. ರನ್‌ಟೈಮ್ ಪಿಎಂ ಎಂಬ ವ್ಯವಸ್ಥೆ 2.6.32ರಿಂದ ಕರ್ನಲ್ಲಿನಲ್ಲಿದೆ. ಇಡೀ ಯಂತ್ರ ಎದ್ದಿರುವಾಗಲೂ ಒಂದೊಂದು ಸಾಧನವನ್ನು ಪ್ರತ್ಯೇಕವಾಗಿ ಮಲಗಿಸಲು ಅದು. ಐಸ್ ಕೋಣೆಯ ಉಷ್ಣತೆಯನ್ನು ಐದು ನಿಮಿಷಕ್ಕೊಮ್ಮೆ ಓದಿದರೆ ಸಾಕು. ಓದಲು ಹಿಡಿಯುವುದು ಒಂದು ಸೆಕೆಂಡಿನ ಸಣ್ಣ ಪಾಲು. ಉಳಿದ ಹೊತ್ತೆಲ್ಲ ಆ ಲೈನ್ ಯಾಕೆ ಆನ್ ಇರಬೇಕು?

ಡ್ರೈವರಿನಲ್ಲಿ ಎರಡು ಫಂಕ್ಷನ್ ಬರೆಯಿರಿ. ರನ್‌ಟೈಮ್ ಸಸ್ಪೆಂಡ್‌ನಲ್ಲಿ ರೆಗ್ಯುಲೇಟರ್ ಡಿಸೇಬಲ್, ರನ್‌ಟೈಮ್ ರೆಸ್ಯೂಮ್‌ನಲ್ಲಿ ಎನೇಬಲ್ ಮಾಡಿ ಚಿಪ್ಪಿನ ಸೆಟ್ಟಿಂಗ್ ಮತ್ತೆ ಬರೆಯುವುದು. ಕರೆಂಟ್ ಹೋದ ಚಿಪ್ ಎಲ್ಲ ಮರೆತಿರುತ್ತದೆ, ಇದನ್ನು ಬಿಟ್ಟರೆ ಮೊದಲ ಸಲ ಸರಿಯಾಗಿ ಓದಿ ಎರಡನೇ ಸಲದಿಂದ ವಿಚಿತ್ರ ಅಂಕಿ ಬರುತ್ತದೆ. ಓದುವ ಮೊದಲು ಪಿಎಂ ರನ್‌ಟೈಮ್ ರೆಸ್ಯೂಮ್ ಅಂಡ್ ಗೆಟ್, ಓದಿದ ಮೇಲೆ ಪಿಎಂ ರನ್‌ಟೈಮ್ ಪುಟ್ ಆಟೋಸಸ್ಪೆಂಡ್. ಹಳೆಯ ಕೋಡಿನಲ್ಲಿ ಗೆಟ್ ಸಿಂಕ್ ಕಾಣುತ್ತದೆ, ಅದು ವಿಫಲವಾದಾಗಲೂ ಎಣಿಕೆ ಒಂದು ಏರಿಯೇ ಇರುತ್ತದೆ, ಇಳಿಸಲು ಮರೆತವರು ಬಹಳ. ಹೊಸದಾಗಿ ಬರೆಯುವವರು ರೆಸ್ಯೂಮ್ ಅಂಡ್ ಗೆಟ್ ಬಳಸಿ.

ಆಟೋಸಸ್ಪೆಂಡ್ ಡಿಲೇ ಎಷ್ಟು ಇಡಬೇಕು ಎಂಬುದಕ್ಕೆ ಒಂದೇ ಅಂಕಿ ಇಲ್ಲ. ಎಬ್ಬಿಸಲು ಖರ್ಚಾಗುವ ಶಕ್ತಿ ಒಂದು ಕಡೆ, ಸುಮ್ನೆ ಎದ್ದಿರಲು ಆಗುವ ಖರ್ಚು ಇನ್ನೊಂದು ಕಡೆ ಇಟ್ಟು ತೂಗಿ ನೋಡಿ. ಸೆನ್ಸರ್ ಎಬ್ಬಿಸುವುದು ಅಗ್ಗ, ಅರ್ಧ ಸೆಕೆಂಡ್ ಸಾಕು. ಜಿಪಿಎಸ್ ಪೂರ್ತಿ ಆಫ್ ಆಗಿ ಎದ್ದರೆ ಉಪಗ್ರಹಗಳನ್ನು ಮೊದಲಿನಿಂದ ಹುಡುಕಬೇಕು, ಅದು ದುಬಾರಿ. ಅದಕ್ಕೇ ಅನೇಕ ಜಿಪಿಎಸ್ ಮಾಡ್ಯೂಲುಗಳಲ್ಲಿ ಬ್ಯಾಕಪ್ ಪಿನ್ ಬೇರೆ ಇರುತ್ತದೆ. ಆ ಲೈನನ್ನು ಮಾತ್ರ ಆನ್ ಇಟ್ಟು ಮುಖ್ಯ ಲೈನ್ ಕತ್ತರಿಸಿದರೆ ಎದ್ದ ಕೂಡಲೇ ಜಾಗ ಹಿಡಿಯುತ್ತದೆ. ಮೋಡೆಮ್ಮನ್ನು ನಾನು ಅರ್ಧ ಗಂಟೆಗೊಮ್ಮೆ ಎಬ್ಬಿಸಿದೆ. ದಡ ಬಿಟ್ಟು ದೂರ ಹೋದ ಬೋಟಿಗೆ ಟವರ್ ಸಿಗುವುದಿಲ್ಲ, ಸಿಗದ ಟವರನ್ನು ಹುಡುಕುತ್ತಾ ಮೋಡೆಮ್ ಬ್ಯಾಟರಿ ತಿನ್ನುತ್ತದೆ. ಎರಡು ನಿಮಿಷದಲ್ಲಿ ಸಿಗದಿದ್ದರೆ ಮಲಗು ಅಂತ ಬರೆದೆ. ಲೆಕ್ಕವೆಲ್ಲ ಕಾರ್ಡಿನಲ್ಲಿ ಸೇರುತ್ತದೆ, ದಡ ಹತ್ತಿರ ಬಂದಾಗ ಕಳಿಸಿದರಾಯಿತು.

ಕೋಡ್ ಬರೆಯದವರೂ ಇದನ್ನು ನೋಡಬಹುದು. ನಿಮ್ಮ ಲ್ಯಾಪ್‌ಟಾಪಿನಲ್ಲೇ ಸಿಸ್ ಅಡಿಯಲ್ಲಿ ಯಾವುದೇ ಡಿವೈಸಿನ ಪವರ್ ಫೋಲ್ಡರ್ ತೆರೆಯಿರಿ. ರನ್‌ಟೈಮ್ ಸ್ಟೇಟಸ್ ಫೈಲಿನಲ್ಲಿ ಆಕ್ಟಿವ್ ಅಥವಾ ಸಸ್ಪೆಂಡೆಡ್ ಅಂತ ಇರುತ್ತದೆ. ಕಂಟ್ರೋಲ್ ಫೈಲಿಗೆ ಆಟೋ ಅಂತ ಬರೆದರೆ ಮಲಗಲು ಅನುಮತಿ, ಆನ್ ಅಂತ ಬರೆದರೆ ಮಲಗುವ ಹಾಗಿಲ್ಲ. ಯುಎಸ್‌ಬಿ ಸಾಧನಗಳಿಗೆ ಕಾಯುವ ಸಮಯ ಹೇಳದಿದ್ದರೆ 2 ಸೆಕೆಂಡ್.

ಇಡೀ ಬೋರ್ಡ್ ಮಲಗುವಾಗ ಏನು ಮಾಡಬೇಕು ಎಂಬುದನ್ನು ಡಿವೈಸ್ ಟ್ರೀಯ ರೆಗ್ಯುಲೇಟರ್ ಸ್ಟೇಟ್ ಮೆಮ್ ಎಂಬ ಒಳಭಾಗದಲ್ಲಿ ಬರೆಯಬೇಕು, ಆನ್ ಇನ್ ಸಸ್ಪೆಂಡ್ ಅಥವಾ ಆಫ್ ಇನ್ ಸಸ್ಪೆಂಡ್. ಮೆಮೊರಿಯ ಲೈನ್ ಆಫ್ ಆಗಬಾರದು, ಎಬ್ಬಿಸುವ ಗಡಿಯಾರದ ಲೈನ್ ಆಫ್ ಆಗಬಾರದು.

ಸಿಪಿಯು ಬಗ್ಗೆ ಸ್ವಲ್ಪ

ಸಿಪಿಯು ಕೆಲಸ ಮಾಡುವಾಗ ಎಳೆಯುವ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ, ಫ್ರೀಕ್ವೆನ್ಸಿಗೆ ನೇರವಾಗಿ ಏರುತ್ತದೆ. 1.2 ವೋಲ್ಟಿನಿಂದ 1.0ಗೆ ಇಳಿಸಿದರೆ ಅದೇ ವೇಗದಲ್ಲೇ ಸುಮಾರು ಶೇಕಡ 30 ಉಳಿತಾಯ. ಯಾವ ವೇಗಕ್ಕೆ ಯಾವ ವೋಲ್ಟೇಜ್ ಎಂಬ ಜೋಡಿಗಳನ್ನು ಒಪಿಪಿ ಟೇಬಲ್ ಅಂತ ಡಿವೈಸ್ ಟ್ರೀಯಲ್ಲಿ ಬರೆಯುತ್ತಾರೆ. ಇಲ್ಲಿ ಕ್ರಮ ತಪ್ಪಬಾರದು. ವೇಗ ಏರಿಸುವಾಗ ಮೊದಲು ವೋಲ್ಟೇಜ್, ಆಮೇಲೆ ವೇಗ. ಇಳಿಸುವಾಗ ಮೊದಲು ವೇಗ, ಆಮೇಲೆ ವೋಲ್ಟೇಜ್. ಕರ್ನಲ್ಲಿನ ಒಪಿಪಿ ಸೆಟ್ ರೇಟ್ ಫಂಕ್ಷನ್ ಇದನ್ನು ಸರಿಯಾಗಿ ಮಾಡುತ್ತದೆ, ನೀವೇ ಕೈಯಾರೆ ಬರೆಯಲು ಹೋಗಬೇಡಿ. ಚಿಪ್ ಮಾಡಿದವರು ಕೊಟ್ಟ ಟೇಬಲ್ಲಿಗಿಂತ ಕೆಳಗೆ ಇಳಿಸಿದರೆ ಮೇಜಿನ ಮೇಲೆ ಓಡುತ್ತದೆ, ಎಂಜಿನ್ ಕೋಣೆಯ ಬಿಸಿಯಲ್ಲಿ ಹ್ಯಾಂಗ್ ಆಗುತ್ತದೆ.

ನೋಡುವುದು, ಅಳೆಯುವುದು

ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದ ಬಳಕೆದಾರರಾಗಿ, ಕರ್ನಲ್ಲಿನ ತಪ್ಪು ಹುಡುಕಲು ಇರುವ ಡಿಬಗ್‌ಎಫ್‌ಎಸ್‌ನಲ್ಲಿ ರೆಗ್ಯುಲೇಟರ್ ಫೋಲ್ಡರಿನ ರೆಗ್ಯುಲೇಟರ್ ಸಮ್ಮರಿ ಫೈಲ್ ತೆರೆಯಿರಿ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಉಪಯೋಗದ ಫೈಲ್ ಇದು. ಯಾರ ಕೆಳಗೆ ಯಾರು ಅಂತ ಇಡೀ ಕವಲು ಕಾಣುತ್ತದೆ. ಯೂಸ್ ಅಂದರೆ ಎಷ್ಟು ಸಲ ಎನೇಬಲ್ ಆಗಿದೆ, ಓಪನ್ ಅಂದರೆ ಎಷ್ಟು ಜನ ಹಿಡಿದುಕೊಂಡಿದ್ದಾರೆ, ಆಮೇಲೆ ವೋಲ್ಟೇಜ್, ಮಿನ್, ಮ್ಯಾಕ್ಸ್. ಎಲ್ಲ ಮಲಗಿದೆ ಅಂದುಕೊಂಡ ಹೊತ್ತಲ್ಲಿ ಯೂಸ್ ಸೊನ್ನೆ ಆಗದ ಲೈನ್ ಯಾವುದು ಅಂತ ನೋಡಿ, ಕಳ್ಳ ಅಲ್ಲೇ ಇರುತ್ತಾನೆ.

ಆದರೆ ಆ ವೋಲ್ಟೇಜ್ ಅಂಕಿ ಅಳೆದದ್ದಲ್ಲ. ಅದು ಕರ್ನಲ್ ಪವರ್ ಚಿಪ್ಪಿಗೆ ಏನು ಹೇಳಿದೆ ಎಂಬುದು ಮಾತ್ರ. ಲೈನ್ ಆಫ್ ಇದ್ದರೂ ಅಂಕಿ ಕಾಣಬಹುದು. ತಂತಿಯ ಆಚೆ ತುದಿಯಲ್ಲಿ ಏನಿದೆ ಅಂತ ಮಲ್ಟಿಮೀಟರೇ ಹೇಳಬೇಕು, ಅದೂ ಸಾಧನದ ಪಿನ್ನಿನ ಹತ್ತಿರ ಹಿಡಿದು. ನಮ್ಮ ಕರಾವಳಿಯಲ್ಲಿ ಇದು ಇನ್ನೂ ಮುಖ್ಯ. ಉಪ್ಪು ಗಾಳಿಗೆ ಕನೆಕ್ಟರ್ ಒಂದು ಮಳೆಗಾಲದಲ್ಲೇ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬಿಂದ 0.2 ಓಮ್ ತಡೆ ಬಂದರೆ, 2 ಆಂಪಿಯರ್ ಎಳೆದಾಗ 0.4 ವೋಲ್ಟ್ ದಾರಿಯಲ್ಲೇ ಹೋಯಿತು. ಮೋಡೆಮ್ 2ಜಿಗೆ ಬಿದ್ದಾಗ ಕ್ಷಣಕಾಲ 2 ಆಂಪಿಯರ್ ತನಕ ಎಳೆಯುತ್ತದೆ, 3.8 ಇದ್ದದ್ದು 3.4ಕ್ಕೆ ಇಳಿದರೆ ಅದು ರೀಸೆಟ್ ಆಗುವ ಅಂಚಿಗೆ ಬಂದ ಹಾಗೆ. ಮಲ್ಟಿಮೀಟರ್ ಇಂಥ ಸಣ್ಣ ಕುಸಿತವನ್ನು ತೋರಿಸುವುದೂ ಇಲ್ಲ, ಆಸಿಲೋಸ್ಕೋಪ್ ಬೇಕು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಪರಿಚಯದವರಿದ್ದರೆ ಅರ್ಧ ದಿನ ಕೇಳಿ ತೆಗೆದುಕೊಳ್ಳಿ. ಕನೆಕ್ಟರಿನ ಬದಲು ಬೆಸುಗೆ ಹಾಕಿ, ಮೇಲೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಬಳಿಯಿರಿ.

ಇಡೀ ಪೆಟ್ಟಿಗೆಯ ಖರ್ಚು ನೋಡಲು ಐಎನ್‌ಎ219 ಚಿಪ್ ಇರುವ ಸಣ್ಣ ಮಾಡ್ಯೂಲ್ ಬ್ಯಾಟರಿ ಲೈನಿನಲ್ಲಿ ಹಾಕಿ. 26 ವೋಲ್ಟ್ ತನಕ ಅಳೆಯುತ್ತದೆ, ಡ್ರೈವರ್ ಕರ್ನಲ್ಲಿನಲ್ಲೇ ಇದೆ, ಸಿಸ್ ಫೋಲ್ಡರಿನ ಎಚ್‌ಡಬ್ಲ್ಯುಮಾನ್ ಅಡಿಯಲ್ಲಿ ಕರೆಂಟ್ ಮಿಲಿಆಂಪಿಯರಿನಲ್ಲಿ ಬರುತ್ತದೆ. ಒಂದೊಂದು ಬದಲಾವಣೆ ಮಾಡಿದಾಗಲೂ ಅಂಕಿ ಬರೆದಿಡಿ. ಬೋರ್ಡ್ ಮಲಗಿರುವ ಹೊತ್ತಿನ ಖರ್ಚಿಗೆ ಮಾತ್ರ ಹೊರಗಿನ ಮೀಟರೇ ಬೇಕು, ಮಲಗಿದ ಕರ್ನಲ್ ತನ್ನನ್ನು ತಾನು ಓದಲಾರದು.

ರಾಸ್‌ಬೆರಿ ಪೈ ಹಿಡಿದು ಕಲಿಯುವವರಿಗೆ ಒಂದು ಮಾತು. ಅದರ ಮುಖ್ಯ ವೋಲ್ಟೇಜುಗಳನ್ನು ಫರ್ಮ್‌ವೇರ್ ನೋಡಿಕೊಳ್ಳುತ್ತದೆ, ಹಾಗಾಗಿ ಮೇಲೆ ಹೇಳಿದ ಎಲ್ಲವನ್ನೂ ಅದರಲ್ಲಿ ಆಡಿ ನೋಡಲಾಗುವುದಿಲ್ಲ. ಆದರೆ ಸಪ್ಲೈ 4.63 ವೋಲ್ಟಿನ ಆಸುಪಾಸಿಗೆ ಇಳಿದರೆ ಅದು ಗುರುತು ಹಾಕುತ್ತದೆ, ಕರ್ನಲ್ ಲಾಗಿನಲ್ಲಿ ಅಂಡರ್ ವೋಲ್ಟೇಜ್ ಡಿಟೆಕ್ಟೆಡ್ ಅಂತ ಬರುತ್ತದೆ. ಪೈಯ ಸ್ಥಿತಿ ಕೇಳುವ ವಿಸಿಜೆನ್‌ಕಮಾಂಡ್‌ನಲ್ಲಿ ಗೆಟ್ ಥ್ರಾಟಲ್ಡ್ ಕೇಳಿದಾಗ 50000 ಅಂತ ಕೊನೆಯಾದರೆ, ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದಿತ್ತು, ವೇಗ ಕಡಿತವೂ ಆಗಿತ್ತು, ಈಗ ಸರಿ ಇದೆ ಅಂತ ಅರ್ಥ. ಪೈ 4ಕ್ಕೆ 5.1 ವೋಲ್ಟ್ 3 ಆಂಪಿಯರ್ ಚಾರ್ಜರೇ ಬೇಕು, ಹಳೆಯ ಮೊಬೈಲ್ ಚಾರ್ಜರ್ ಸಾಲದು.

ಪೆಟ್ಟಿಗೆ ಮುಚ್ಚುವ ಮೊದಲು ನಾನು ಮಾಡಿದ ಪರೀಕ್ಷೆಗಳು ಇವು. ಬೂಟ್ ಮಾಡಿ ಎರಡು ನಿಮಿಷ ಕಾಯುವುದು, 30 ಸೆಕೆಂಡಿನ ಆಚೆಗೂ ಎಲ್ಲ ಬದುಕಿದೆಯೇ ಅಂತ ನೋಡುವುದು. ಒಂದು ಸ್ಕ್ರಿಪ್ಟಿನಿಂದ 200 ಸಲ ಮಲಗಿಸಿ ಎಬ್ಬಿಸುವುದು, ಪ್ರತಿ ಸಲ ಸಮ್ಮರಿ ಫೈಲನ್ನು ಮೊದಲಿನದರ ಜೊತೆ ಹೋಲಿಸುವುದು, ಒಂದು ಅಂಕಿ ಏರಿದ್ದರೂ ಎಲ್ಲೋ ಡಿಸೇಬಲ್ ತಪ್ಪಿದೆ. ಬೆಂಚ್ ಸಪ್ಲೈಯಲ್ಲಿ 12 ವೋಲ್ಟನ್ನು 9ಕ್ಕೆ ಇಳಿಸಿ ಏರಿಸುವುದು, ಯಾಕೆಂದರೆ ಎಂಜಿನ್ ಸ್ಟಾರ್ಟ್ ಮಾಡುವಾಗ ಬೋಟಿನ ಬ್ಯಾಟರಿ ಹೀಗೇ ಕುಸಿಯುತ್ತದೆ, ಆ ಕುಸಿತ ನಮ್ಮ ಪೆಟ್ಟಿಗೆಯವರೆಗೂ ಬರಬಹುದು. ಈ ಕೊನೆಯ ಪರೀಕ್ಷೆಯಲ್ಲಿ ನನ್ನದು ಎರಡು ಸಲ ಸೋತಿತು, ಮೋಡೆಮ್ ಲೈನಿಗೆ ದೊಡ್ಡ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ಡಿವೈಸ್ ಟ್ರೀಯಲ್ಲಿ ಪ್ರತಿ ಮಿತಿಯ ಪಕ್ಕದಲ್ಲೂ ಸ್ಕೆಮ್ಯಾಟಿಕ್ಕಿನ ಪುಟ ಸಂಖ್ಯೆಯನ್ನೂ, ಆ ಅಂಕಿ ಯಾವ ಸಾಧನದಿಂದ ಬಂತು ಅಂತಲೂ ಕಾಮೆಂಟ್ ಬರೆದಿದ್ದೇನೆ. ಸುಟ್ಟ ಸೆನ್ಸರಿನ ಲೈನಿನ ಪಕ್ಕದಲ್ಲಿ ಕಾಮೆಂಟ್ ಸ್ವಲ್ಪ ಉದ್ದ ಇದೆ.